ಆ ಗೋಡೆ ಸತ್ತಿದೆಯೋ, ಸುಮ್ಮನಿದೆಯೋ? ಡೊಬ್ಯೂಟಮಿನ್ ಎಕೋ ಮಾಡುವುದು ಹೀಗೆ

ಹಾರ್ಟ್ ಅಟ್ಯಾಕ್ ಆಗಿ ಕೆಲವು ವಾರದ ಮೇಲೆ ಎಕೋ ಮಾಡಿಸಿದಾಗ 'ಹೃದಯದ ಮುಂದಿನ ಗೋಡೆ ಕೆಲಸ ಮಾಡುತ್ತಿಲ್ಲ' ಎಂದು ಬಂತು ಅಂದುಕೊಳ್ಳಿ. ಆ ಸ್ನಾಯು ಸತ್ತು ಗಾಯದ ಕಲೆಯಂತೆ ಗಟ್ಟಿಯಾಗಿರಬಹುದು. ಅಥವಾ ಜೀವ ಇದ್ದೂ ರಕ್ತ ಸಾಲದೆ ಸುಮ್ಮನಿರಬಹುದು. ಮಾಮೂಲಿ ಎಕೋದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಎರಡನ್ನೂ ಬೇರೆ ಮಾಡಿ ನೋಡಲು ಇರುವ ದಾರಿಗಳಲ್ಲಿ ಒಂದು ಡೊಬ್ಯೂಟಮಿನ್ ಸ್ಟ್ರೆಸ್ ಎಕೋ, ಅಂದರೆ ಔಷಧ ಕೊಟ್ಟು ಹೃದಯವನ್ನು ಜೋರಾಗಿ ದುಡಿಸುತ್ತಾ ಎಕೋದಲ್ಲಿ ನೋಡುವುದು. ಮಂಡಿ ನೋವಿನಿಂದ ಟ್ರೆಡ್‌ಮಿಲ್ ಹತ್ತಲಾಗದವರ ಹೃದಯದ ರಕ್ತನಾಳದಲ್ಲಿ ಅಡ್ಡಿ ಇದೆಯೇ ಎಂದು ನೋಡಲೂ ಇದನ್ನು ಮಾಡುತ್ತಾರೆ.

ಡೊಬ್ಯೂಟಮಿನ್ 1970ರ ದಶಕದಲ್ಲಿ ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ತಯಾರಾದ ಔಷಧ. ಅಡ್ರಿನಲಿನ್ ಹೃದಯದ ಮೇಲೆ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಓಡಾಟ ಜಾಸ್ತಿಯಾಗಿ ಹೃದಯ ಜೋರಾಗಿ ಹಿಂಡುತ್ತದೆ. ಡೋಸ್ ಏರಿಸಿದರೆ ಬಡಿತದ ವೇಗವೂ ಏರುತ್ತದೆ. ಡ್ರಿಪ್ ನಿಲ್ಲಿಸಿದರೆ ಸುಮಾರು ಎರಡೇ ನಿಮಿಷಕ್ಕೆ ರಕ್ತದಲ್ಲಿ ಅರ್ಧ ಇಳಿದುಹೋಗುತ್ತದೆ. ಪರೀಕ್ಷೆಗೆ ಇದು ಹೊಂದಿಕೊಂಡಿದ್ದು ಇದಕ್ಕೇ.

ಹಿಂದಿನ ದಿನದ ತಯಾರಿ

ಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುತ್ತಿದ್ದರೆ ನಿಲ್ಲಿಸಬೇಕೇ, ಯಾವಾಗ ನಿಲ್ಲಿಸಬೇಕು ಎಂದು ಡಾಕ್ಟರನ್ನು ಕೇಳಿ. ನೀವಾಗಿಯೇ ಬಿಡಬೇಡಿ, ದಿಢೀರ್ ಬಿಟ್ಟರೆ ಎದೆನೋವು ಕೆರಳಬಹುದು. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ಮೊದಲೇ ತಿಳಿಸಿ. ಪರೀಕ್ಷೆಗೆ ಮೂರು ನಾಲ್ಕು ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ.

ಟೇಬಲ್ ಮೇಲೆ

ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಎದೆಗೆ ಇಸಿಜಿ ಸ್ಟಿಕ್ಕರ್, ಒಂದು ತೋಳಿಗೆ ಬಿಪಿ ಪಟ್ಟಿ, ಇನ್ನೊಂದಕ್ಕೆ ಡ್ರಿಪ್ ಸೂಜಿ. ಮೊದಲು ಔಷಧ ಇಲ್ಲದೆ ಚಿತ್ರ ತೆಗೆಯುತ್ತಾರೆ. ಆಮೇಲೆ ಸಿರಿಂಜ್ ಪಂಪ್ ಶುರು. ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ, ನಂತರ 10, 20, 30, ಕೊನೆಗೆ 40. ಸಾಮಾನ್ಯವಾಗಿ ಮೂರು ನಿಮಿಷಕ್ಕೊಂದು ಮೆಟ್ಟಿಲು. 220ರಿಂದ ನಿಮ್ಮ ವಯಸ್ಸು ಕಳೆದು, ಉಳಿದದ್ದರ ಶೇ 85ಕ್ಕೆ ಬಡಿತ ಮುಟ್ಟಬೇಕು. 60 ವಯಸ್ಸಿನವರಿಗೆ ಅದು 136. ಅಲ್ಲಿಗೆ ಹೋಗದಿದ್ದರೆ ಬಡಿತ ಏರಿಸುವ ಅಟ್ರೋಪಿನ್ ಎಂಬ ಇನ್ನೊಂದು ಔಷಧ ಸೇರಿಸುತ್ತಾರೆ. ಗ್ಲಾಕೋಮಾ, ಪ್ರಾಸ್ಟೇಟ್ ವಿಷಯ ಮೊದಲೇ ತಿಳಿಸಬೇಕಾದ್ದು ಇದಕ್ಕೇ.

ಎದೆ ಡವಡವ ಅನ್ನುತ್ತದೆ, ಮೈ ನಡುಗಬಹುದು, ತಲೆ ಜುಮ್ಮೆನ್ನಬಹುದು. ಇದೆಲ್ಲ ಮಾಮೂಲಿ. ಎದೆ ಹಿಂಡಿದಂತಾದರೆ ಮಾತ್ರ ಸಹಿಸಿಕೊಂಡು ಕೂರಬೇಡಿ, ಕೂಡಲೇ ಹೇಳಿ. ಡೊಬ್ಯೂಟಮಿನ್ ಪರಿಣಾಮ ಇಳಿಸುವ ಔಷಧ ಪಕ್ಕದಲ್ಲೇ ಇರುತ್ತದೆ. ಗಂಭೀರ ತೊಂದರೆ ಅಪರೂಪ. ಆದರೆ ಇಲ್ಲವೇ ಇಲ್ಲ ಅನ್ನುವಂತಿಲ್ಲ. ಒಪ್ಪಿಗೆ ಪತ್ರವನ್ನು ಓದಿಯೇ ಸಹಿ ಮಾಡಿ.

ಡಾಕ್ಟರ್ ನೋಡುವುದು ಏನನ್ನು?

ಗೋಡೆ ಅಲುಗಿದರೆ ಸಾಲದು, ಹಿಂಡುವಾಗ ಅದು ದಪ್ಪವಾಗಬೇಕು. ಪಕ್ಕದ ಸ್ನಾಯು ಎಳೆದರೆ ಸತ್ತ ಗೋಡೆಯೂ ಅಲುಗುತ್ತದೆ, ಅಲ್ವಾ? ಅದಕ್ಕೇ ವಿಶ್ರಾಂತಿ, ಕಡಿಮೆ ಡೋಸ್, ಗರಿಷ್ಠ ಡೋಸ್, ಚೇತರಿಕೆ, ಈ ನಾಲ್ಕನ್ನೂ ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ನೋಡುತ್ತಾರೆ.

ರಕ್ತ ಸಾಲದ ಸ್ನಾಯು ಎಷ್ಟೋ ಸಲ ಸಾಯುವ ಬದಲು ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ, ಸಂಬಳ ಕಡಿತವಾದ ಮನೆಯವರು ಖರ್ಚು ಬಿಗಿ ಹಿಡಿದ ಹಾಗೆ. ಈ ಸುಪ್ತ ಸ್ಥಿತಿಯ ಕಲ್ಪನೆಯನ್ನು 1980ರ ದಶಕದಲ್ಲಿ ಎಲ್ಲರಿಗೂ ಪರಿಚಯಿಸಿದವರು ಮುಂಬೈಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಡಾ. ಶಹಬುದ್ದೀನ್ ರಹಿಮ್‌ತುಲಾ.

5, 10 ಮೈಕ್ರೋಗ್ರಾಂ ಹಂತದಲ್ಲಿ ಇಂಥ ಗೋಡೆ ಎಚ್ಚೆತ್ತು ಹಿಂಡತೊಡಗುತ್ತದೆ. ಡೋಸ್ ಏರಿಸಿದರೆ ಅದೇ ಗೋಡೆ ಮತ್ತೆ ಸೋಲುತ್ತದೆ. ಯಾಕೆ? ಸುಮ್ನೆ ಮಲಗಿದ್ದಾಗಲೂ ಹೃದಯ ತನಗೆ ಬರುವ ರಕ್ತದಿಂದ ಬಹುಪಾಲು ಆಮ್ಲಜನಕವನ್ನು ಹೀರಿಕೊಂಡಿರುತ್ತದೆ. ಇನ್ನೂ ಬೇಕೆಂದರೆ ಜಾಸ್ತಿ ರಕ್ತವೇ ಬರಬೇಕು, ಕಿರಿದಾದ ನಾಳ ಅದನ್ನು ಬಿಡುವುದಿಲ್ಲ. ಸಾಲದ್ದಕ್ಕೆ, ಎಡ ಹೃತ್ಕುಕ್ಷಿಯ (ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ) ಸ್ನಾಯುವಿಗೆ ರಕ್ತ ಹರಿಯುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಏರಿದಷ್ಟೂ ಆ ಬಿಡುವು ಕುಗ್ಗುತ್ತದೆ.

ಹೀಗೆ ಮೊದಲು ಏರಿ ಆಮೇಲೆ ಇಳಿಯುವುದನ್ನು ರಿಪೋರ್ಟಿನಲ್ಲಿ 'ಬೈಫೇಸಿಕ್' ಎಂದು ಬರೆಯುತ್ತಾರೆ. ರಕ್ತದ ದಾರಿ ಸರಿಮಾಡಿದರೆ ಆ ಗೋಡೆ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ ಎಂಬುದಕ್ಕೆ ಈ ಪರೀಕ್ಷೆ ಕೊಡುವ ಒಳ್ಳೆಯ ಸೂಚನೆ ಇದು. ಯಾವ ಡೋಸಿಗೂ ಕದಲದಿದ್ದರೆ ಬಹುಶಃ ಅಲ್ಲಿರುವುದು ಕಲೆಯೇ. ಡೋಸ್ ಏರಿದಂತೆ ಉತ್ತಮವಾಗುತ್ತಲೇ ಹೋದರೆ, ಅಟ್ಯಾಕಿನ ಹೊಡೆತಕ್ಕೆ ಮಂಕಾದ ಸ್ನಾಯು ಅದು ಎಂದು ಅಂದಾಜಿಸಬಹುದು. ಅದು ತಾನಾಗಿಯೇ ಸುಧಾರಿಸಬಹುದು.

ಜೀವ ಇದೆ ಎಂದ ಮಾತ್ರಕ್ಕೆ ಸ್ಟೆಂಟ್ ಹಾಕಲೇಬೇಕು ಎಂದಿಲ್ಲ. ಹೃದಯದ ಪಂಪಿಂಗ್ ತುಂಬಾ ಕುಸಿದಿದ್ದವರ ಮೇಲೆ ನಡೆದು 2022ರಲ್ಲಿ ಹೊರಬಂದ ಬ್ರಿಟನ್ನಿನ 'ರಿವೈವ್ಡ್' ಅಧ್ಯಯನದಲ್ಲಿ ಒಳ್ಳೆಯ ಮಾತ್ರೆಗಳ ಜತೆ ಸ್ಟೆಂಟ್ ಹಾಕಿದ್ದರಿಂದ ಸಾವು ಅಥವಾ ಹಾರ್ಟ್ ಫೇಲ್ಯೂರ್‌ಗೆ ಆಸ್ಪತ್ರೆ ಸೇರುವುದು ಕಡಿಮೆಯಾಗಲಿಲ್ಲ. ಹಾಗಾಗಿ ರಿಪೋರ್ಟ್ ಕೈಗೆ ಬಂದಾಗ ಕೇಳಿ: ಯಾವ ಗೋಡೆ, ಅದಕ್ಕೆ ರಕ್ತ ಕೊಡುವ ನಾಳ ಯಾವುದು, ಆ ನಾಳ ತೆರೆದರೆ ನನ್ನ ಏದುಸಿರು ಕಡಿಮೆಯಾಗುತ್ತದೆಯೇ, ಸದ್ಯಕ್ಕೆ ಮಾತ್ರೆಯಲ್ಲೇ ಮುಂದುವರಿಯಬಹುದೇ?