ಹತ್ತು ಸಂಕಲ್ಪ ಹರಿದು ಹಾಕಿ, ಒಂದು ಇಟ್ಟುಕೊಳ್ಳಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು, ಹಿಂದಿನದರಲ್ಲಿ ಒಲೆ, ಅತ್ತೆಯ ಮಂಚ, ನೀರಿನ ಡ್ರಮ್ಮು. ಜೀನ್ಸ್ ಪ್ಯಾಂಟಿಗೆ ಜೇಬು, ಜಿಪ್ಪು ಕೂರಿಸೋದು ನನ್ನ ಕೆಲಸ, ಪೀಸಿಗೆ ಇಷ್ಟು ಅಂತ ಕೂಲಿ. ಸಂಜೆಯಾಗೋದರೊಳಗೆ ನೀಲಿ ನೂಲಿನ ಧೂಳು ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೂ, ಗೋಡೆಯ ಶಿಲುಬೆಯ ಮೇಲೂ ಕೂತಿರುತ್ತದೆ. ಇಂಥ ಮನೆಯಲ್ಲಿ ಶಿಸ್ತು, ಪ್ರಾರ್ಥನೆ ಎರಡನ್ನೂ ಹೇಗೆ ನಡೆಸ್ತೀ ಅಂತ ಚರ್ಚಿನ ಹೆಣ್ಣುಮಕ್ಕಳು ಕೇಳುತ್ತಾರೆ. ನಾನು ನಡೆಸಿದ್ದು ಕಮ್ಮಿ, ಕೆಡಿಸಿದ್ದು ಜಾಸ್ತಿ. ಕೆಡಿಸಿದ್ದರಿಂದಲೇ ಶುರು ಮಾಡುತ್ತೇನೆ.

ಒಂದು ವರ್ಷ ವಿಭೂತಿ ಬುಧವಾರ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ದಿನ, ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳೇ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಹನ್ನೊಂದು ಸಂಕಲ್ಪ ಬರೆದೆ. ನಸುಕಿನ ನಾಲ್ಕಕ್ಕೆ ಏಳೋದು, ಚಹಾ ಬಿಡೋದು, ದಿನಾ ಜಪಸರ, ದಿನಾ ಒಂದು ಕಪಾಟು ಒರೆಸೋದು, ಹೀಗೆ. ಐದನೇ ದಿನಕ್ಕೆ, ಚಹಾ ಇಲ್ಲದ ತಲೆನೋವಿನಲ್ಲಿ, ಅತ್ತೆಯ ಮೇಲೆ ಕೂಗಾಡಿದೆ. ನಾನು ತಿಕ್ಕಿ ತೊಳೆದಿಟ್ಟ ಲೋಟದೊಳಗೆ ಅವರು ಹಲ್ಲಿನ ಸೆಟ್ಟು ಹಾಕಿಟ್ಟಿದ್ದರು, ಅಷ್ಟೇ. "ನಿನ್ನ ಉಪಾಸ ನಮ್ಮನ್ಯಾಕ ಬಡೀತೈತವ್ವಾ?" ಅಂದರು.

ಚರ್ಚಿನಲ್ಲಿ ಪಾದ್ರಿಯ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಇದನ್ನು ಹೇಳಿದಾಗ ನಮ್ಮ ವಯಸ್ಸಾದ ಫಾದರ್ ನಕ್ಕರು. "ಹತ್ತು ಹರಿದು ಹಾಕಮ್ಮಾ, ಒಂದು ಇಟ್ಕೋ" ಅಂದು, ಯೇಸುಸಭೆ ಕಟ್ಟಿದ ಲೊಯೋಲಾದ ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಲೆಕ್ಕದ ಕ್ರಮ ತಿಳಿಸಿದರು. 1548ರಲ್ಲಿ ಅಚ್ಚಾದ ಅವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕದಲ್ಲಿ ಇದು ಇದೆ. ನಾನು ನಂಬಿರುವ ಒಂದೇ ಉಪಾಯ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದೇ ತಪ್ಪನ್ನು ಆರಿಸಿಕೊಳ್ಳಬೇಕು. ಎದ್ದ ಕೂಡಲೇ "ಇವತ್ತು ಇದೊಂದರಲ್ಲಿ ಎಚ್ಚರ" ಅಂದುಕೊಳ್ಳಬೇಕು. ಮಧ್ಯಾಹ್ನ ಊಟವಾದ ಮೇಲೆ, ಎದ್ದಾಗಿನಿಂದ ಗಂಟೆ ಗಂಟೆಯಾಗಿ ನೆನೆದು, ಎಷ್ಟು ಸಲ ಬಿದ್ದೆವೋ ಅಷ್ಟು ಚುಕ್ಕಿ ಒಂದು ಗೆರೆಯ ಮೇಲೆ ಇಡಬೇಕು. ರಾತ್ರಿ ಊಟದ ನಂತರ ಎರಡನೇ ಗೆರೆಯ ಮೇಲೆ ಮತ್ತೆ ಹಾಗೇ. ದಿನಕ್ಕೆ ಎರಡು ಗೆರೆಯಂತೆ ವಾರಕ್ಕೆ ಏಳು ಜೋಡಿ. ಭಾನುವಾರದ್ದು ಉದ್ದ, ಮುಂದಿನವು ಗಿಡ್ಡವಾಗುತ್ತಾ ಹೋಗುತ್ತವೆ, ಚುಕ್ಕಿಯೂ ಕಮ್ಮಿಯಾಗಲಿ ಅಂತ. ಮೇಲಿನ ಗೆರೆಗೆ ಕೆಳಗಿನದು, ನಿನ್ನೆಗೆ ಇವತ್ತು, ಹೋದ ವಾರಕ್ಕೆ ಈ ವಾರ ಹೋಲಿಸಿ ನೋಡಬೇಕು. ಬಿದ್ದ ಕ್ಷಣದಲ್ಲಿ ಎದೆಯ ಮೇಲೆ ಕೈ ಇಟ್ಟುಕೊಳ್ಳಬೇಕು. ನಾಲ್ಕು ಜನರ ನಡುವೆ ಇದ್ದರೂ ಇದು ಯಾರಿಗೂ ಗೊತ್ತಾಗುವುದಿಲ್ಲ.

ಆರಿಸೋದರಲ್ಲೇ ಹೆಚ್ಚಿನವರು ಎಡವುತ್ತಾರೆ. "ತಾಳ್ಮೆ ಕಲೀಬೇಕು" ಅಂದರೆ ಚುಕ್ಕಿ ಎಲ್ಲಿ ಇಡ್ತೀರಿ? ಎಣಿಸಲು ಬರುವಂಥದ್ದು ಬೇಕು. ನನ್ನದು, ಮಿಷನ್ನಿನ ಮೇಲಿಂದ ಏಳದೆ ಕೂತಲ್ಲಿಂದಲೇ ಕೂಗಿ ಕೆಲಸ ಹೇಳೋದು. ಮನೆಯವರು ನಿಮ್ಮ ಯಾವ ಗುಣಕ್ಕೆ ಬೇಸತ್ತಿದ್ದಾರೋ ಅದನ್ನೇ ಹಿಡಿಯಿರಿ. ಗೊತ್ತಿಲ್ಲದಿದ್ದರೆ ಮಕ್ಕಳನ್ನು ಕೇಳಿ, ಕೂಡಲೇ ಹೇಳುತ್ತಾರೆ.

ಮೊದಲ ದಿನ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮಿಷನ್ನಿನ ಹಲಗೆಯ ಅಂಚಿಗೇ ಗೀರು ಹಾಕುತ್ತಾ ಹೋದೆ. ಸಂಜೆ ನೋಡಿದರೆ ಬರೀ ಮೂರು. ಹಿಗ್ಗಿದೆ. ದಾರದ ತುದಿ ಕತ್ತರಿಸುತ್ತಾ ಕೂತಿದ್ದ ಮಗಳು "ಅಮ್ಮಾ, ಈ ಪೀಸಿಗೆಲ್ಲಾ ಬಿಳಿ ಹತ್ತೈತಿ ನೋಡು" ಅಂದಳು. ನನ್ನ ಪಾಪವೆಲ್ಲಾ ಬಟ್ಟೆ ಸರಿದಂತೆ ಒರೆಸಿ ಪ್ಯಾಂಟಿಗೆ ಅಂಟಿಕೊಂಡಿತ್ತು. ಹಾಗಾಗಿ ನನ್ನ ಮಾತು ಕೇಳಿ, ಗೋಡೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಪೆನ್ನಿನಿಂದಲೇ ಬರೆಯಿರಿ. ಮರುದಿನದ ಲೆಕ್ಕ: ಮಧ್ಯಾಹ್ನಕ್ಕೆ ಒಂಬತ್ತು, ರಾತ್ರಿಗೆ ಹದಿನಾಲ್ಕು.

ಎರಡು ವಾರ ಇಟ್ಟ ಮೇಲೆ ಚುಕ್ಕಿಗಳೇ ಒಂದು ಸಂಗತಿ ತೋರಿಸಿದವು. ಬಹಳಷ್ಟು ಸಲ ನಾನು ಕೂಗಿದ್ದು ಬಾಬಿನ್, ಅಂದರೆ ಮಿಷನ್ನಿನ ಕೆಳದಾರದ ಉರುಳೆ, ಖಾಲಿಯಾದಾಗ. ಬಂಡಲ್ ಒಯ್ಯುವ ಹುಡುಗ ಬಾಗಿಲಿಗೆ ಬಂದು ನಿಂತಿರುತ್ತಾನೆ, ಕೆಳದಾರ ಮುಗಿದಿರುತ್ತದೆ, "ಏ, ಬಾಬಿನ್ ಸುತ್ತಿಕೊಡೇ" ಅಂತ ಓಣಿಗೆಲ್ಲಾ ಕೇಳುವಂತೆ ಅರಚುತ್ತೇನೆ. ಸಿಟ್ಟಿನ ಬೇರು ನನ್ನ ಮನಸ್ಸಿನಲ್ಲಿದೆ ಅಂದುಕೊಂಡಿದ್ದೆ, ಅರ್ಧ ಬೇರು ಬಾಬಿನ್ ಡಬ್ಬಿಯಲ್ಲಿತ್ತು. ಅಂದಿನಿಂದ ಮಲಗುವ ಮುಂಚೆ ಎಂಟು ಬಾಬಿನ್ ಸುತ್ತಿಡುತ್ತೇನೆ. ಒಂದೊಂದು ತುಂಬುವಾಗಲೂ ಒಂದು ನಮೋ ಮರಿಯ ಪ್ರಾರ್ಥನೆ. ಆ ವಾರ ಚುಕ್ಕಿ ಅರ್ಧಕ್ಕಿಳಿಯಿತು. ನೀವೂ ಚುಕ್ಕಿ ಗುಂಪುಗೂಡಿದ ಹೊತ್ತನ್ನು ಹಿಡಿದು, ಆ ಹೊತ್ತಿಗೆ ಕೈಗೆ ಯಾವ ಸಾಮಾನು ಸಿಗುತ್ತಿಲ್ಲ ಅಂತ ಹುಡುಕಿ. ಕತ್ತರಿಯೋ, ಶಾಲೆಯ ಟೈಯೋ, ನೆನೆಹಾಕದ ಅಕ್ಕಿಯೋ ಇರುತ್ತದೆ.

ಪ್ರಾರ್ಥನೆಗೆ ಬೇರೆ ಹೊತ್ತು ಸಿಗದವರು ಮನೆಯ ಕೆಲಸಕ್ಕೇ ಅದನ್ನು ಕಟ್ಟಿಹಾಕಬೇಕು. ನಮ್ಮ ಓಣಿಗೆ ನಳ ಬಿಡೋದು ನಾಲ್ಕೈದು ದಿನಕ್ಕೊಮ್ಮೆ, ಯಾವ ಹೊತ್ತಿಗೆ ಅಂತ ಹೇಳಲಾಗದು. ಮೊದಲು ಕುಡಿಯುವ ಕೊಡ, ಆಮೇಲೆ ಡ್ರಮ್ಮು, ಕೊನೆಗೆ ಬಟ್ಟೆ. ಡ್ರಮ್ಮಿಗೆ ಪೈಪು ಬಿಟ್ಟು ನಿಂತ ಹೊತ್ತು ಕೀರ್ತನೆಯ ಹೊತ್ತು. ಮೊಬೈಲು ಒಳಗೇ ಇರುತ್ತದೆ.

ಪಾತ್ರೆಪಗಡಿಯ ವಿಷಯಕ್ಕೆ 6ನೇ ಶತಮಾನದ ಸಂತ ಬೆನೆಡಿಕ್ಟರು ಮಠದ ಸನ್ಯಾಸಿಗಳಿಗೆ ಬರೆದ ನಿಯಮದ ಪುಸ್ತಕ ನನಗೆ ಹಿಡಿಸಿತು. ಮಠದ ಸಾಮಾನನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು ಅನ್ನುತ್ತದೆ ಅದರ 31ನೇ ಅಧ್ಯಾಯ. 35ನೆಯದರಲ್ಲಿ ಅಡುಗೆಮನೆಯ ಪಾಳಿ ಇದೆ: ವಾರ ಮುಗಿಸುವವನು ಶನಿವಾರ ಎಲ್ಲಾ ಶುಚಿ ಮಾಡಿ, ಒರೆಸುವ ಬಟ್ಟೆ ಒಗೆದು, ಪಾತ್ರೆಗಳನ್ನು ಮುಕ್ಕಾಗದಂತೆ ಒಪ್ಪಿಸಬೇಕು. ನಮ್ಮಲ್ಲಿ ಮಗ, ಮಗಳು ಇಬ್ಬರೂ ಹೀಗೇ ಶನಿವಾರ ಸಂಜೆ ಎಣಿಸಿ ಒಪ್ಪಿಸುತ್ತಾರೆ. ಚಮಚ ಎಷ್ಟು, ಲೋಟ ಎಷ್ಟು ಅಂತ ಜಗಳವೂ ಆಗುತ್ತದೆ. ನಮ್ಮ ಮನೆಯವರು ಈ ಪಾಳಿಗೆ ಸೇರಲು ಒಂದು ವರ್ಷ ಹಿಡಿಯಿತು. ಆಟೋ ಓಡಿಸಿ ದಣಿದಿರುತ್ತಾರೆ, ನಿಜ. ಹೊಲಿದು ನಾನೂ ದಣಿದಿರುತ್ತೇನೆ.

ಒಂದು ಎಚ್ಚರ. ಬೇರೆಯವರ ಚುಕ್ಕಿ ನೀವು ಇಡಬೇಡಿ. ನಾನು ಗುಟ್ಟಾಗಿ ಅತ್ತೆಯ ಹೆಸರಿನಲ್ಲೂ ಒಂದು ಗೆರೆ ಎಳೆದಿದ್ದೆ, ಎರಡು ದಿನ ಬಹಳ ಖುಷಿಯಿಂದ ತುಂಬಿಸಿದೆ. ಬೈಬಲಿನಲ್ಲಿ, ತಂಗಿ ಕೆಲಸಕ್ಕೆ ಕೈ ಹಾಕಲಿಲ್ಲ ಅಂತ ಯೇಸುವಿಗೆ ದೂರು ಹೇಳಿದ ಬೆಥಾನಿಯ ಮಾರ್ತಳ ತೊಂದರೆಯೂ ಇದೇ ಇರಬೇಕು, ಕೈ ಅಡುಗೆಯಲ್ಲಿ, ಕಣ್ಣು ತಂಗಿಯ ಮೇಲೆ. ಇನ್ನು ಜ್ವರ ಬಂದಾಗ, ಮನೆಯಲ್ಲಿ ಸಾವಾದಾಗ ಲೆಕ್ಕ ಬಿಟ್ಟುಬಿಡಿ. ತಪ್ಪಿದ್ದನ್ನು ಮರುದಿನ ಎರಡರಷ್ಟು ಮಾಡಿ ತೀರಿಸಲು ಹೋಗಬೇಡಿ.

ಹೋದ ಗುರುವಾರ ಎರಡೂ ಗೆರೆ ಖಾಲಿ ಇದ್ದವು. ಮೂರು ವರ್ಷದಲ್ಲಿ ಮೊದಲ ಸಲ. ತಡೆಯಲಾರದೆ ಕ್ಯಾಲೆಂಡರ್ ಇಳಿಸಿ ಅತ್ತೆಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿ, "ಅವತ್ತು ದಿನಾಪೂರ್ತಿ ಕರೆಂಟ್ ಇರಲಿಲ್ಲಲ್ಲವ್ವಾ, ಮಿಷನ್ ಮ್ಯಾಲೆ ಎಲ್ಲಿ ಕುಂತಿದ್ದಿ?" ಅಂದರು.