ನೆಟ್‌ವರ್ಕ್ ಕಾರ್ಡಿನ ಹೆಸರು ಬದಲಾಗದಂತೆ ಮಾಡುವುದು ಹೇಗೆ?

ಒಂದು ಲಿನಕ್ಸ್ ಸರ್ವರ್, ಅದರಲ್ಲಿ ಎರಡು ನೆಟ್‌ವರ್ಕ್ ಕಾರ್ಡ್. ಒಂದು ಇಂಟರ್ನೆಟ್ ಕಡೆಗೆ, ಇನ್ನೊಂದು ಒಳಗಿನ ನೆಟ್‌ವರ್ಕ್‌ಗೆ. ರೀಬೂಟ್ ಆದಾಗ ಇವೆರಡರ ಹೆಸರು ಅದಲುಬದಲಾದರೆ ಫೈರ್‌ವಾಲ್ ನಿಯಮಗಳೆಲ್ಲ ತಲೆಕೆಳಗು. ಮುಚ್ಚಿರಬೇಕಾದ ಪೋರ್ಟ್ ಊರಿಗೆಲ್ಲ ತೆರೆದಿರುತ್ತದೆ, ನಿಮಗೆ ಮಾತ್ರ ಲಾಗಿನ್ ಆಗುವುದಿಲ್ಲ!

ಲಿನಕ್ಸ್‌ನ ತಿರುಳಾದ ಕರ್ನಲ್ ತನಗೆ ಕಾರ್ಡು ಸಿಕ್ಕ ಕ್ರಮದಲ್ಲಿ ಈಥ್0, ಈಥ್1 ಅಂತ ಹೆಸರಿಡುತ್ತದೆ. ಡ್ರೈವರ್‌ಗಳು ಒಟ್ಟೊಟ್ಟಿಗೇ ಲೋಡ್ ಆಗುವುದರಿಂದ ಈ ಕ್ರಮಕ್ಕೆ ಗ್ಯಾರಂಟಿ ಇಲ್ಲ. ಇದಕ್ಕೆಂದೇ 2013ರಲ್ಲಿ ಸಿಸ್ಟಮ್‌ಡಿ (ಬೂಟ್ ಆಗುವಾಗ ಸೇವೆಗಳನ್ನೆಲ್ಲ ಶುರುಮಾಡುವ ತಂತ್ರಾಂಶ) 197ನೇ ಆವೃತ್ತಿ ಕಾರ್ಡ್ ಕೂತಿರುವ ಜಾಗ ನೋಡಿ ಹೆಸರಿಡುವ ಪದ್ಧತಿ ತಂದಿತು. ಇಎನ್‌ಪಿ3ಎಸ್0 ಅಂದರೆ ಈಥರ್ನೆಟ್, ಪಿಸಿಐ ಬಸ್ 3, ಸ್ಲಾಟ್ 0. ಒಳ್ಳೆಯದೇ, ಆದರೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಬಸ್ ಸಂಖ್ಯೆ ಸರಿದರೆ ಹೆಸರೂ ಸರಿಯುತ್ತದೆ. ಅದಕ್ಕೇ ಒಂದಕ್ಕಿಂತ ಜಾಸ್ತಿ ಕಾರ್ಡ್ ಇದ್ದರೆ ಹೆಸರನ್ನು ನೀವೇ ಇಡಿ.

ಮೊದಲು ಯಾವುದು ಯಾವ ಕಾರ್ಡ್ ಅಂತ ಗುರುತಿಸಿ. 'ಐಪಿ ಲಿಂಕ್' ಕಮಾಂಡ್ ಕೊಟ್ಟರೆ 'ಲಿಂಕ್/ಈಥರ್' ಪಕ್ಕದಲ್ಲಿ ಮ್ಯಾಕ್ ವಿಳಾಸ (ಕಾರ್ಡಿಗೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆ) ಕಾಣುತ್ತದೆ. ಕೇಬಲ್ ಸಿಕ್ಕಿಸುವ ಜಾಗ ಗೊತ್ತಾಗದಿದ್ದರೆ 'ಈಥ್‌ಟೂಲ್' ಕಮಾಂಡಿಗೆ ಮೈನಸ್ ಪಿ ಸೇರಿಸಿ ಕಾರ್ಡಿನ ಹೆಸರು ಕೊಡಿ, ಡ್ರೈವರ್ ಒಪ್ಪಿದರೆ ಆ ಪೋರ್ಟಿನ ದೀಪ ಮಿನುಗುತ್ತದೆ.

ಈಗ ಇಟಿಸಿ ಒಳಗಿನ ಸಿಸ್ಟಮ್‌ಡಿ, ಅದರೊಳಗಿನ ನೆಟ್‌ವರ್ಕ್ ಫೋಲ್ಡರ್‌ಗೆ ಹೋಗಿ. ಅಲ್ಲಿ '10-ಲ್ಯಾನ್0.ಲಿಂಕ್' ಅಂತ ಫೈಲ್ ಮಾಡಿ. (ಇಲ್ಲಿರುವುದನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ.) ಮುಂದಿನ 10 ಸುಮ್ನೆ ಅಲ್ಲ. ಫೈಲ್‌ಗಳನ್ನು ಹೆಸರಿನ ಕ್ರಮದಲ್ಲಿ ಓದಿ, ಮೊದಲು ಹೊಂದಿದ್ದನ್ನೇ ಯುಡೆವ್ (ಸಾಧನಗಳನ್ನು ಗುರುತಿಸಿ ಹೆಸರಿಡುವ ಸಿಸ್ಟಮ್‌ಡಿಯ ಭಾಗ) ಬಳಸುತ್ತದೆ. 99ರಲ್ಲಿ ಡೀಫಾಲ್ಟ್ ಫೈಲ್ ಕೂತಿದೆ.

ಫೈಲಿನೊಳಗೆ ಎರಡೇ ಭಾಗ. ಚೌಕ ಕಂಸದಲ್ಲಿ 'ಮ್ಯಾಚ್' ಬರೆದು, ಕೆಳಗೆ 'ಪರ್ಮನೆಂಟ್‌ಮ್ಯಾಕ್‌ಅಡ್ರೆಸ್' ಸಮ ಚಿಹ್ನೆ, ನಂತರ ಆ ವಿಳಾಸ. ಆಮೇಲೆ ಚೌಕ ಕಂಸದಲ್ಲಿ 'ಲಿಂಕ್', ಕೆಳಗೆ 'ನೇಮ್' ಸಮ ಲ್ಯಾನ್0. ಬರೀ 'ಮ್ಯಾಕ್‌ಅಡ್ರೆಸ್' ಅಂತ ಹಾಕಿದರೆ ಅದೇ ವಿಳಾಸ ಹೊತ್ತ ಬ್ರಿಡ್ಜ್, ವಿಲ್ಯಾನ್‌ನಂಥ ತಂತ್ರಾಂಶದಲ್ಲೇ ಮಾಡಿದ ಕಾರ್ಡ್‌ಗಳೂ ಹೊಂದಿಬಿಡುವ ಅಪಾಯ ಇದೆ.

ಹೆಸರು 15 ಅಕ್ಷರ ಮೀರಬಾರದು. ದಯವಿಟ್ಟು ಈಥ್0 ಅಂತ ಮಾತ್ರ ಇಡಬೇಡಿ. ಅದೇ ಹೆಸರನ್ನು ಕರ್ನಲ್ ಇನ್ನೊಂದು ಕಾರ್ಡಿಗೆ ಕೊಟ್ಟಿದ್ದರೆ ಎರಡಕ್ಕೂ ಜಟಾಪಟಿ ಶುರು. ವ್ಯಾನ್0, ಬ್ಯಾಕಪ್0 ಹೀಗೆ ಕೆಲಸ ಹೇಳುವ ಹೆಸರೇ ವಾಸಿ, ಅಲ್ವಾ?

ರೀಬೂಟ್‌ಗೆ ಮುಂಚೆ ಐಪಿ ಸೆಟ್ಟಿಂಗ್, ಫೈರ್‌ವಾಲ್ ಎರಡರಲ್ಲೂ ಹೊಸ ಹೆಸರು ಹಾಕಿ. ಡೆಬಿಯನ್‌ನಲ್ಲಿ 'ಅಪ್‌ಡೇಟ್-ಇನಿಟ್‌ರಾಮ್‌ಎಫ್ಎಸ್', ಫೆಡೋರಾದಲ್ಲಿ 'ಡ್ರಾಕಟ್' ಓಡಿಸಿ, ಬೂಟ್‌ನ ಶುರುವಿನಲ್ಲಿ ಬಳಕೆಯಾಗುವ ಚಿಕ್ಕ ಫೈಲ್ ಕಟ್ಟಿಗೂ ಈ ಬದಲಾವಣೆ ಸೇರಲಿ. ಇಲ್ಲದಿದ್ದರೆ ಬೂಟ್‌ನ ಆರಂಭದಲ್ಲೇ ಹಳೇ ಹೆಸರು ಅಂಟಿಕೊಳ್ಳಬಹುದು. ಸರ್ವರ್ ದೂರದಲ್ಲಿದ್ದರೆ ಕನ್ಸೋಲ್ ದಾರಿ (ಈ ಕಾರ್ಡ್‌ಗಳ ಹಂಗಿಲ್ಲದೆ ಸರ್ವರ್ ಒಳಗೆ ಹೋಗುವ ದಾರಿ) ಇಟ್ಟುಕೊಳ್ಳದೆ ರೀಬೂಟ್ ಒತ್ತಬೇಡಿ.

ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಬಳಸುವವರಿಗೆ ಕೆಲಸ ಕಡಿಮೆ. ಅಲ್ಲಿ ಡ್ರೈವರ್ ಹೆಸರಿನಿಂದ ಇಎಮ್0, ಆರ್‌ಇ0 ಅಂತ ಬರುತ್ತದೆ; ಆರ್‌ಸಿ.ಕಾನ್ಫ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ 'ಐಎಫ್‌ಕಾನ್ಫಿಗ್_ಇಎಮ್0_ನೇಮ್' ಸಾಲಿಗೆ ಹೊಸ ಹೆಸರು ಕೊಟ್ಟರೆ ಮುಗೀತು. ಆದರೆ ಇದು ಇಎಮ್0 ಅನ್ನುವ ಹೆಸರಿಗೆ ಕಟ್ಟಿದ್ದು, ಮ್ಯಾಕ್ ವಿಳಾಸಕ್ಕಲ್ಲ. ಒಂದೇ ಡ್ರೈವರ್‌ನ ಎರಡು ಕಾರ್ಡ್‌ಗಳ ಜಾಗ ಬದಲಿಸಿದರೆ ಹೆಸರುಗಳೂ ಬದಲಾಗುತ್ತವೆ.