ಮದುವೆ ಊಟದ ಮರುದಿನ ವಾಂತಿ-ಭೇದಿ: ಕಾರಣ ಪತ್ತೆ ಹಚ್ಚುವುದು ಹೇಗೆ?

ಬಸವನಗುಡಿ ಕಡೆಯ ಛತ್ರವೊಂದರಲ್ಲಿ ಭಾನುವಾರ ಮಧ್ಯಾಹ್ನ ಮದುವೆ ಊಟ ಆಗಿದೆ ಎಂದುಕೊಳ್ಳಿ. ಸೋಮವಾರ ಬೆಳಿಗ್ಗೆ ಹತ್ತಿರದ ನರ್ಸಿಂಗ್ ಹೋಮಿಗೆ ಐದಾರು ಮಂದಿ ವಾಂತಿ, ಭೇದಿ, ಜ್ವರ ಎಂದು ಬಂದಿದ್ದಾರೆ. ಅವರಲ್ಲಿ ಇಬ್ಬರು ಬೈಯುತ್ತಿರುವುದು ರಾತ್ರಿ ತಳ್ಳುಗಾಡಿಯಲ್ಲಿ ತಿಂದ ಪಾನಿಪೂರಿಯನ್ನು. ಹೊಟ್ಟೆ ಕೆಟ್ಟವರು ಕೊನೆಗೆ ತಿಂದದ್ದನ್ನೇ ದೂರುವುದು ವಾಡಿಕೆ. ಆರೋಗ್ಯ ಸಿಬ್ಬಂದಿ ಆ ಮಾತನ್ನೂ ಬರೆದುಕೊಳ್ಳುತ್ತಾರೆ, ಆದರೆ ಅದನ್ನೇ ನೆಚ್ಚಿಕೊಳ್ಳುವುದಿಲ್ಲ.

ಸುದ್ದಿ ಎಲ್ಲಿಂದ ಬರುತ್ತದೆ

ಸರ್ಕಾರದ ‘ನಮ್ಮ ಕ್ಲಿನಿಕ್’, ಪ್ರಾಥಮಿಕ ಆರೋಗ್ಯ ಕೇಂದ್ರ, ಆಶಾ ಕಾರ್ಯಕರ್ತೆ, ಖಾಸಗಿ ಆಸ್ಪತ್ರೆ, ಎಷ್ಟೋ ಸಲ ಮದುವೆ ಮನೆಯವರ ವಾಟ್ಸ್ಆ್ಯಪ್ ಗುಂಪು. 2004ರಲ್ಲಿ ಶುರುವಾದ, ಐಡಿಎಸ್‌ಪಿ ಎಂದೇ ಎಲ್ಲರೂ ಕರೆಯುವ ರೋಗ ಕಣ್ಗಾವಲು ಯೋಜನೆಯ ಸಿಬ್ಬಂದಿಗೆ ವಿಷಯ ಮುಟ್ಟಿದರೆ ಕ್ಷಿಪ್ರ ಸ್ಪಂದನಾ ತಂಡ ಹೊರಡುತ್ತದೆ. ಒಂದೇ ಊಟ ಉಂಡ ಇಬ್ಬರು ಅಥವಾ ಹೆಚ್ಚು ಜನರಿಗೆ ಒಂದೇ ಬಗೆಯ ತೊಂದರೆ ಕಾಣಿಸಿದರೂ ಸಾಕು, ತನಿಖೆಗೆ ಅದು ಅರ್ಹ. ಮೊದಲ ಫೋನ್ ಆಸ್ಪತ್ರೆಗೆ: ಆ್ಯಂಟಿಬಯೋಟಿಕ್ ಕೊಡುವ ಮೊದಲು ಮಲದ ಮಾದರಿ ತೆಗೆದಿಡಿ ಎಂದು. ಔಷಧಿ ಶುರುವಾದ ಮೇಲೆ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು. ಆಮೇಲೆ ಎಷ್ಟು ಪರದಾಡಿದರೂ ಅದು ಮರಳಿ ಸಿಗುವುದಿಲ್ಲ.

ಯಾರನ್ನು ರೋಗಿ ಎಂದು ಎಣಿಸಬೇಕು

ಇದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಉದಾಹರಣೆಗೆ: ‘ಭಾನುವಾರ ಈ ಛತ್ರದಲ್ಲಿ ಊಟ ಮಾಡಿ, ಆಮೇಲಿನ 72 ಗಂಟೆಯೊಳಗೆ ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಭೇದಿಯಾದವರು, ಇಲ್ಲವೇ ವಾಂತಿಯ ಜೊತೆ ಜ್ವರ ಬಂದವರು.’ ‘ಕೋಸಂಬರಿ ತಿಂದವರು’ ಎಂಬ ಷರತ್ತನ್ನು ಇದರಲ್ಲಿ ಸೇರಿಸಬಾರದು. ಸೇರಿಸಿದರೆ ಎಣಿಸುವ ಮುಂಚೆಯೇ ಕೋಸಂಬರಿಗೆ ಶಿಕ್ಷೆ ಕೊಟ್ಟಂತಾಯಿತು.

ನಂತರ ಲೈನ್ ಲಿಸ್ಟ್. ಒಬ್ಬರಿಗೆ ಒಂದು ಸಾಲು: ವಯಸ್ಸು, ಮನೆ ಇರುವ ಜಾಗ, ಉಂಡ ಹೊತ್ತು, ತೊಂದರೆ ಶುರುವಾದ ಹೊತ್ತು, ಲಕ್ಷಣಗಳು, ಆಸ್ಪತ್ರೆ, ಮಾದರಿ ಕೊಟ್ಟರೇ ಇಲ್ಲವೇ. ‘ರಾತ್ರಿಯಿಂದ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮಲಗಿದ ಮೇಲೋ, ಮೊದಲೋ? ಎದ್ದಾಗ ಎಷ್ಟು ಗಂಟೆ?’ ಎಂದು ಕೆದಕಿ ಗಂಟೆಯನ್ನೇ ಹಿಡಿಯಬೇಕು.

ಗಡಿಯಾರ ಹೇಳುವ ಸುಳಿವು

ತೊಂದರೆ ಶುರುವಾದ ಹೊತ್ತನ್ನು ಮೂರು-ನಾಲ್ಕು ಗಂಟೆಗೊಂದರಂತೆ ಕಂಬಗಳಾಗಿ ಬರೆದರೆ ಚಿತ್ರ ಸಿಗುತ್ತದೆ. ಉಂಡ 1ರಿಂದ 6 ಗಂಟೆಯೊಳಗೆ ವಾಂತಿಯೇ ಜೋರಾಗಿದ್ದರೆ ಅನುಮಾನ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷದ ಮೇಲೆ, ಅಥವಾ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಮೇಲೆ. ಈ ಎರಡರ ವಾಂತಿ ತರಿಸುವ ವಿಷಗಳು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ‘ಚೆನ್ನಾಗಿ ಕುದಿಸಿಯೇ ಬಡಿಸಿದ್ದೆವು’ ಎಂಬ ಅಡುಗೆಯವರ ಮಾತು ನಿಜವೇ ಆಗಿದ್ದರೂ ಜನ ಹುಷಾರು ತಪ್ಪಿ ಮಲಗಬಹುದು. ಜ್ವರವಿಲ್ಲದೆ ಹೊಟ್ಟೆನುಲಿತ, ಭೇದಿ 8ರಿಂದ 16 ಗಂಟೆಯಲ್ಲಿ ಬಂದರೆ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ನೆನಪಾಗಬೇಕು. 6ರಿಂದ 72 ಗಂಟೆ, ಜೊತೆಗೆ ಜ್ವರ ಎಂದರೆ ಸಾಲ್ಮೊನೆಲ್ಲಾ. 12ರಿಂದ 48 ಗಂಟೆ, ವಾಂತಿ ಹೆಚ್ಚು, ಮನೆಯಲ್ಲಿದ್ದವರಿಗೂ ಅಂಟುತ್ತಿದ್ದರೆ ನೊರೊವೈರಸ್.

ನಮ್ಮ ಛತ್ರದಲ್ಲಿ ಭಾನುವಾರ ರಾತ್ರಿ ಹತ್ತರಿಂದ ಕಂಬಗಳು ಏರಿ, ಸೋಮವಾರ ಬೆಳಗಿನ ಜಾವ ತುದಿ ಮುಟ್ಟಿ, ಮಂಗಳವಾರ ಇಳಿದಿವೆ. ಒಂದೇ ಗುಡ್ಡ: ಎಲ್ಲರೂ ಒಂದೇ ಹೊತ್ತಿನಲ್ಲಿ ಒಂದೇ ಮೂಲದಿಂದ ತಿಂದಿದ್ದಾರೆ. ಪಾನಿಪೂರಿ ತಿನ್ನದವರೂ ಪಟ್ಟಿಯಲ್ಲಿದ್ದಾರೆ. ಕಂಬಗಳು ಇಳಿಯದೆ ದಿನಗಟ್ಟಲೆ ಎಳೆಯುತ್ತಿದ್ದರೆ, ಊಟಕ್ಕೆ ಬಾರದ ಅಕ್ಕಪಕ್ಕದವರೂ ಮಲಗಿದ್ದರೆ, ನೀರಿನ ಕಡೆ ತಿರುಗಬೇಕು.

ಆರೋಗ್ಯವಾಗಿರುವವರ ಮನೆಗೂ ಹೋಗಬೇಕು

ಹೆಚ್ಚಿನ ತನಿಖೆಗಳು ಸೋಲುವುದು ಇಲ್ಲಿ. ಮಲಗಿದವರನ್ನಷ್ಟೇ ಕೇಳಿದರೆ ‘ಎಲ್ಲರೂ ಪಾಯಸ ತಿಂದಿದ್ದರು’ ಎಂಬ ಉತ್ತರ ಸಿಗುತ್ತದೆ. ಏನೂ ಆಗದವರೂ ಪಾಯಸ ತಿಂದಿದ್ದರು ಎಂಬುದು ಗೊತ್ತಾಗುವುದು ಅವರ ಬಾಗಿಲು ತಟ್ಟಿದಾಗಲೇ.

‘ಏನೇನು ತಿಂದಿರಿ’ ಎಂದು ಕೇಳಿದರೆ ಜನಕ್ಕೆ ಹೋಳಿಗೆ, ಪಾಯಸ ಮಾತ್ರ ನೆನಪಿರುತ್ತದೆ. ಎಲೆಗೆ ಬಡಿಸಿದ ಕ್ರಮದಲ್ಲೇ ಒಂದೊಂದಾಗಿ ಕೇಳಬೇಕು: ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಚಿತ್ರಾನ್ನ, ಹುಳಿ, ಸಾರು, ಕೊನೆಗೆ ಮೊಸರನ್ನ, ಮಜ್ಜಿಗೆ. ನೀರು, ಐಸ್‌ಕ್ರೀಮು, ಬೀಡಾ ಬಿಡುವಂತಿಲ್ಲ.

ಲೆಕ್ಕ ಹೀಗೆ. ಮಾತನಾಡಿಸಿದವರು 120, ಅದರಲ್ಲಿ ಹುಷಾರು ತಪ್ಪಿದವರು 52 ಎಂದಿರಲಿ. ಪಾಯಸ ತಿಂದ 100ರಲ್ಲಿ 44 ಮಂದಿ ಮಲಗಿದರು, ಶೇ 44. ತಿನ್ನದ 20ರಲ್ಲಿ 8, ಶೇ 40. ಹೆಚ್ಚುಕಡಿಮೆ ಸಮ, ಹಾಗಾಗಿ ಪಾಯಸದ ಮೇಲೆ ತಪ್ಪು ಹೊರಿಸಲು ಆಧಾರವಿಲ್ಲ. ಕೋಸಂಬರಿ ತಿಂದ 80ರಲ್ಲಿ 48 ಮಂದಿ, ಶೇ 60. ತಿನ್ನದ 40ರಲ್ಲಿ 4, ಶೇ 10. ಅಂದರೆ ತಿಂದವರಿಗೆ ಅಪಾಯ ಆರು ಪಟ್ಟು. ತಿನ್ನದೆಯೂ ಮಲಗಿದ ಆ ನಾಲ್ವರಿಂದ ಲೆಕ್ಕ ಬೀಳುವುದಿಲ್ಲ: ಯಾರೋ ಮರೆತಿರಬಹುದು, ಅದೇ ಸೌಟು ಪಲ್ಯಕ್ಕೂ ಬಿದ್ದಿರಬಹುದು.

ಅನ್ನದಂಥ ಪದಾರ್ಥದಲ್ಲಿ ತೊಡಕಿದೆ. ತಿನ್ನದವರೇ ಇಲ್ಲದಿದ್ದರೆ ಹೋಲಿಸುವುದು ಯಾರ ಜೊತೆ? ಆಗ ಎಷ್ಟು ಸಲ ಬಡಿಸಿಕೊಂಡರು, ಯಾವ ಪಂಕ್ತಿಯಲ್ಲಿ ಕೂತರು ಎಂದು ವಿಂಗಡಿಸಬೇಕು. ಮೊದಲ ಪಂಕ್ತಿಯವರು ಚೆನ್ನಾಗಿದ್ದು ಮೂರನೆಯದರವರು ಮಲಗಿದ್ದರೆ, ಹೊತ್ತು ಕಳೆದಂತೆ ಏನೋ ಕೆಟ್ಟಿದೆ ಅಥವಾ ಬೇರೆ ಪಾತ್ರೆಯದು ಬಂದಿದೆ.

ಅಡುಗೆಮನೆ, ಮಾದರಿ

ಛತ್ರ ತಲುಪುವಷ್ಟರಲ್ಲಿ ಪಾತ್ರೆ ತೊಳೆದು ಕವುಚಿರುತ್ತಾರೆ. ಆಗ ನೆಂಟರು ಡಬ್ಬಿಯಲ್ಲಿ ಒಯ್ದದ್ದು, ಉಗ್ರಾಣದಲ್ಲಿ ಉಳಿದ ಬೇಳೆ-ಕಾಯಿಗಳನ್ನು ಹುಡುಕಬೇಕು. ಪ್ರತಿ ಪದಾರ್ಥ ಸುಮಾರು 200 ಗ್ರಾಂ, ಕ್ರಿಮಿಶುದ್ಧ ಚೀಲದಲ್ಲಿ, ಬೇರೆ ಬೇರೆ ಚಮಚದಿಂದ. ಐಸ್‌ಪ್ಯಾಕಿನ ಪೆಟ್ಟಿಗೆಯಲ್ಲಿಟ್ಟು ತಂಪಾಗಿಯೇ ಲ್ಯಾಬಿಗೆ ಒಯ್ಯಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಮಲದ ಸ್ವ್ಯಾಬನ್ನು, ಲ್ಯಾಬ್ ಮುಟ್ಟುವವರೆಗೆ ಬ್ಯಾಕ್ಟೀರಿಯಾ ಸಾಯದಂತೆ ಕಾಯುವ ಕ್ಯಾರಿ-ಬ್ಲೇರ್ ಮಾಧ್ಯಮದ ಕೊಳವೆಗೆ ಹಾಕುತ್ತಾರೆ. ವೈರಸ್ಸಿಗೆ ಬೇರೆ ಖಾಲಿ ಡಬ್ಬಿ.

‘ಅಡುಗೆಯನ್ನು ಹೊರಗಿಟ್ಟಿದ್ದಿರಾ’ ಎಂದರೆ ‘ಇಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬೇಳೆ ಎಷ್ಟು ಹೊತ್ತಿಗೆ ನೆನೆಹಾಕಿದಿರಿ, ಯಾವ ನೀರು, ಸೌತೆಕಾಯಿ ಯಾರು ಹೆಚ್ಚಿದರು, ಕಲಸಿದ್ದು ಕೈಯಲ್ಲೋ ಸೌಟಿನಲ್ಲೋ, ಬಡಿಸುವವರೆಗೆ ಎಲ್ಲಿಟ್ಟಿದ್ದಿರಿ ಎಂದು ಕೆಲಸದ ಜಾಡು ಹಿಡಿದರೆ ವಿಷಯ ತಾನಾಗಿ ಹೊರಬರುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಎರಡು ಗಂಟೆ ಮೀರಿ ಕೂತ ಪ್ರತಿ ಪದಾರ್ಥಕ್ಕೂ ಗುರುತು ಹಾಕಬೇಕು. ಕೋಸಂಬರಿಗೆ ಒಲೆಯ ಬಿಸಿಯೇ ತಾಗುವುದಿಲ್ಲ, ಒಗ್ಗರಣೆ ಲೆಕ್ಕಕ್ಕಿಲ್ಲ. ಅಡುಗೆಯವರ ಕೈಯಲ್ಲಿ ಗಾಯ, ಕುರು ಇದೆಯೇ ನೋಡಿ, ಮಲದ ಮಾದರಿ ಕೇಳಬೇಕು. ಗದರಿಸಿದರೆ ಅವರು ಮರುದಿನ ಊರಿಗೆ ಹೊರಟುಬಿಡುತ್ತಾರೆ.

ಲ್ಯಾಬ್ ವರದಿ ಓದುವುದರಲ್ಲೂ ಎಚ್ಚರ ಬೇಕು. ಆಹಾರದಲ್ಲಿ ಸ್ಟ್ಯಾಫಿಲೊಕಾಕಸ್ ಸ್ವಲ್ಪ ಸಿಕ್ಕಿತು ಎಂದಾಕ್ಷಣ ಅದೇ ಕಾರಣವಲ್ಲ. ಗ್ರಾಮಿಗೆ ಒಂದು ಲಕ್ಷದಷ್ಟಾದರೂ ಇರಬೇಕು. ಸಾಲ್ಮೊನೆಲ್ಲಾ ಆದರೆ ಇಬ್ಬರು ರೋಗಿಗಳಲ್ಲಾದರೂ ಒಂದೇ ತಳಿ ಸಿಗಬೇಕು.

ನೀರನ್ನು ಬಿಡಬೇಡಿ

ಬೆಂಗಳೂರಿನ ಒಂದೇ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ನೀರು ಕಲೆತಿರುತ್ತದೆ. ಟ್ಯಾಂಕರ್ ಬಂದ ದಿನ ಯಾವುದು, ಸಂಪಿನ ಪಕ್ಕ ಒಳಚರಂಡಿ ಇದೆಯೇ, ಕೇಳಿ ನೋಡಬೇಕು. ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಅನುಮಾನ ಗಟ್ಟಿ. ನೀರಿನ ಮಾದರಿಯ ಬಾಟಲಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾ ಹೋಗಿ, ಲ್ಯಾಬಿನಲ್ಲಿ ನೀರು ಶುದ್ಧ ಎಂದು ಬರುತ್ತದೆ.

ವರದಿಗೆ ಕಾಯದೆ ಮಾಡುವ ಕೆಲಸ

ಉಳಿದ ಅಡುಗೆ ಚೆಲ್ಲಿಸುವುದು ಮಾದರಿ ತೆಗೆದ ಮೇಲೆ. ಸಂಪಿಗೆ ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ, ಹತ್ತು ಸಾವಿರ ಲೀಟರಿಗೆ 25 ಗ್ರಾಂ, ಒಂದು ಗಂಟೆ ಬಿಟ್ಟು ಬಳಕೆ. ಬಾಯಿ ತೆರೆದಿಟ್ಟ ಮೂಟೆಯ ಪುಡಿಗೆ ಕಸುವಿರುವುದಿಲ್ಲ, ಅದಕ್ಕೇ ಹಾಕಿದ ಮೇಲೂ ಕ್ಲೋರಿನ್ ಅಳೆಯಬೇಕು. ರೋಗಿಗಳಿಗೆ ಲೀಟರ್ ನೀರಿಗೆ ಒಂದು ಪೊಟ್ಟಣ ಓಆರ್‌ಎಸ್. ಭೇದಿಯಾದ ಅಡುಗೆಯವರು, ಭೇದಿ ನಿಂತು 48 ಗಂಟೆ ಕಳೆಯುವವರೆಗಾದರೂ ಆಹಾರ ಮುಟ್ಟುವಂತಿಲ್ಲ.

ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸುವವರೆಗಿನ ಕಾಲಕ್ಕೆ ಕಾವು ಅವಧಿ ಎನ್ನುತ್ತಾರೆ. ಗರಿಷ್ಠ ಕಾವು ಅವಧಿಯ ಎರಡರಷ್ಟು ದಿನ ಹೊಸ ರೋಗಿ ಬಾರದಿದ್ದರೆ ಕಡತ ಮುಚ್ಚುತ್ತಾರೆ. ಸಾಲ್ಮೊನೆಲ್ಲಾ ಆದರೆ 72 ಗಂಟೆಯ ಲೆಕ್ಕದಲ್ಲಿ ಆರು ದಿನ. ಕಾಮಾಲೆ ತರುವ ಹೆಪಟೈಟಿಸ್ ಎ ಆಗಿದ್ದರೆ ಅದರ ಅವಧಿ 50 ದಿನದವರೆಗೂ ಹೋಗುತ್ತದೆ, ಹಾಗಾಗಿ ಅದೇ ಮನೆಗಳಿಗೆ ನೂರು ದಿನ ಓಡಾಡಬೇಕು.